ಸೊನ್ನೆ ದಶಾಂಶ ನಾಲ್ಕು

ನನ್ನ ಮಗಳ ಹೆಸರು ಯಾಗೊದಾ.
ನಮ್ಮ ಮಾತಿನಲ್ಲಿ ಹಾಗೆಂದರೆ ಪುಟ್ಟ ಹಣ್ಣು, ಕಾಡಂಚಿನ ಪೊದೆಯದು.
ಆ ಹಣ್ಣು ಈಗ ಅವಳಿಗೆ ದಿನಕ್ಕೆ ಆರು ಗ್ರಾಂ.
ಅಂದರೆ ನಾಲ್ಕು. ಸಣ್ಣವಾದರೆ ಐದು.

ಮೂರು ಔಷಧಿ ಸೋತವು.
ಮೊದಲನೆಯದು ನಿದ್ದೆ ಕೊಟ್ಟಿತು, ಎರಡನೆಯದು ಸಿಟ್ಟು,
ಮೂರನೆಯದು ಅವಳು ಕಲಿತಿದ್ದ ಮಾತುಗಳನ್ನು
ಒಂದೊಂದಾಗಿ ಜೇಬಿಗಿಳಿಸಿಕೊಂಡು ಹೋಯಿತು.

ನಾನು ಟ್ರಾಮ್ ಓಡಿಸುವವಳು,
ವುಚ್ ಊರಿನ ಉದ್ದಕ್ಕೂ, ಮುಚ್ಚಿದ ಬಟ್ಟೆ ಗಿರಣಿಗಳ ಪಕ್ಕ.
ಮೇಲಿನ ತಂತಿಯಲ್ಲಿ ಕರೆಂಟು ಹೋದರೆ
ಗಾಡಿ ಎಲ್ಲಿತ್ತೋ ಅಲ್ಲೇ, ದೀಪ ಮಿಣುಕಿ, ನಿಲ್ಲುತ್ತದೆ.
ಚಮಚ ಬಾಯಿಗೊಯ್ಯುತ್ತಲೇ ಅವಳು ಹಾಗೆ ನಿಂತುಬಿಡುತ್ತಿದ್ದಳು
ದಿನಕ್ಕೆ ನಲವತ್ತು ಸಲ.

ಆಸ್ಪತ್ರೆಯ ಆಹಾರತಜ್ಞೆ ಕಾಗದದ ಮೇಲೆ ತಕ್ಕಡಿ ಬರೆದಳು:
ಒಂದು ತಟ್ಟೆಗೆ ನಾಲ್ಕು ಪಾಲು ಕೊಬ್ಬು,
ಇನ್ನೊಂದಕ್ಕೆ ಹಿಟ್ಟು ಹಣ್ಣು ಮೀನು ಎಲ್ಲ ಸೇರಿ ಒಂದು.
"ಇದೂ ಔಷಧಿಯೇ. ಡೋಸ್ ತಪ್ಪುವಂತಿಲ್ಲ."

ಅಂದಿನಿಂದ ಅಡುಗೆಮನೆ ಅಕ್ಕಸಾಲಿಯ ಅಂಗಡಿ.
ಗುಲಗಂಜಿಯಷ್ಟು ಬೆಣ್ಣೆ ಹೆಚ್ಚಾದರೂ ಚಾಕುವಿನ ತುದಿಯಲ್ಲಿ ವಾಪಸು.
ಕೆನೆ ಎಂಬತ್ತೆರಡು, ಮೊಟ್ಟೆ ಇಪ್ಪತ್ತೊಂದು
(ಮಿಕ್ಕ ಮೊಟ್ಟೆ ಅಣ್ಣ ತಿಮೆಕ್‌ನ ಪಾಲು,
ಅವನೀಗ ಮೊಟ್ಟೆಯೆಂದರೆ ಓಡುತ್ತಾನೆ).
ಬಟ್ಟಲಿಗೆ ಅಂಟಿದ ಎಣ್ಣೆಯೂ ಲೆಕ್ಕದ್ದೇ,
ರಬ್ಬರ್ ಸೌಟಿನಲ್ಲಿ ಬಳಿದು ಬಳಿದು ತಿನ್ನಿಸಬೇಕು.
ಹಲ್ಲುಜ್ಜುವ ಪೇಸ್ಟಿನ ಸಿಹಿಯನ್ನೂ ಲೆಕ್ಕ ಹಾಕುವ ದಿನ ಬರುತ್ತದೆಂದು
ಮೂವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.

ಅತ್ತೆ ಗೆನೊವೆಫಾ ಒಮ್ಮೆ, ಮನಸ್ಸು ತಡೆಯದೆ,
ಬಿಸ್ಕತ್ತಿನ ಚೂರು ಕೊಟ್ಟರು.
ಸಂಜೆ ಉಚ್ಚೆಯಲ್ಲದ್ದಿದ ಪಟ್ಟಿ ನೇರಳೆಯಾಗಲಿಲ್ಲ.
ರಾತ್ರಿ ಆರು ಸಲ.
ಗೋಡೆಗೆ ಮುಖ ಮಾಡಿ ಕೂತು ಆಕೆ ಅಂದದ್ದು ಇಷ್ಟು:
"ಯುದ್ಧದ ಹಸಿವು ಕಂಡ ಮನೆ ಇದು.
ಮಗುವಿನ ಕೈಯಿಂದ ರೊಟ್ಟಿ ಕಸಿಯುವುದು
ನಮ್ಮಲ್ಲಿ ಶತ್ರುಗಳ ಕೆಲಸವಾಗಿತ್ತು."
ನಾನು ಉತ್ತರ ಕೊಡಲಿಲ್ಲ. ಕೆನೆ ತೂಗುತ್ತಿದ್ದೆ.

ಇವತ್ತು ಕ್ರಿಸ್ಮಸ್ಸಿನ ಮುನ್ನಾ ರಾತ್ರಿ.
ಮೇಜುಬಟ್ಟೆಯ ಕೆಳಗೆ ಒಣಹುಲ್ಲು. ಹನ್ನೆರಡು ಬಗೆ ಅಡುಗೆ,
ಅವಳಿಗೆ ಅದರಲ್ಲಿ ಒಂದೂವರೆ.
ಮೇಜಿನ ತುದಿಗೆ, ಪದ್ಧತಿಯಂತೆ, ಒಂದು ಖಾಲಿ ತಟ್ಟೆ:
ಹೇಳದೆ ಕೇಳದೆ ಬರುವ ಅತಿಥಿಗೆ.
ಹೋದ ವರ್ಷ ಆತ ಬಂದಿದ್ದ.
ಚೆಲ್ಲಿದ ಬೀಟ್‌ರೂಟ್ ಸಾರಿನ ಕಲೆ ಬಟ್ಟೆಯಲ್ಲಿ ಇನ್ನೂ ಇದೆ,
ಬ್ರೆಡ್ಡಿನ ಬುಟ್ಟಿಯಿಟ್ಟು ಮುಚ್ಚಿದ್ದೇನೆ.
ಈ ಸಲ ತಟ್ಟೆ ಬೇಡ ಅಂದೆ.
"ಇಡದಿದ್ದರೆ ಬರುವುದಿಲ್ಲವೇನು?" ಅಂದರು ಅತ್ತೆ. ಇಟ್ಟರು.

ಊಟಕ್ಕೆ ಮೊದಲು ಗೋಧಿಯ ಬಿಲ್ಲೆ,
ಕಾಗದದಷ್ಟು ತೆಳು, ಬಿಳಿ.
ಒಬ್ಬರ ಬಿಲ್ಲೆಯಿಂದ ಒಬ್ಬರು ಮುರಿದುಕೊಂಡು ಹರಸುವ ಹೊತ್ತು.
ಯಾಗೊದಾ ಕೈಚಾಚಿ ನಿಂತಳು.
ನಾನು ತಕ್ಕಡಿ ತಂದು ಬಟ್ಟಲುಗಳ ನಡುವೆ ಇಟ್ಟೆ.
ತಿಮೆಕ್ ಉಗುರಿನಷ್ಟು ಮುರಿದ. ಅವನಪ್ಪ ಅದಕ್ಕೂ ಚಿಕ್ಕದು.
ಅತ್ತೆ ನಡುಗುವ ಬೆರಳಲ್ಲಿ ಒಂದು ಕಣ ಉದುರಿಸಿ
ಕೈ ಹಿಂದೆ ಕಟ್ಟಿಕೊಂಡರು.
ತೂಕವೇ ಇಲ್ಲದ ಚೂರುಗಳು,
ನಮ್ಮ ಉಸಿರು ತಾಗಿ ಅಂಕಿ ಕದಲುತ್ತಿತ್ತು.
ಎಲ್ಲರೂ ಉಸಿರು ಬಿಗಿಹಿಡಿದೆವು.

ಸೊನ್ನೆ ದಶಾಂಶ ನಾಲ್ಕು.
ಅದಕ್ಕೆಂದೇ ಮಧ್ಯಾಹ್ನ ಎರಡು ಹಣ್ಣು ಕಳೆದಿದ್ದೆ.

ಅವಳು ಒಂದೊಂದೇ ಚೂರು ನಾಲಿಗೆಗಿಟ್ಟುಕೊಂಡಳು.
ಕೊನೆಯದನ್ನು ಎತ್ತಿ, ನೋಡಿ,
ನನ್ನ ಬಾಯಿಗೆ ತುರುಕಿದಳು.
ಬೇಡ ಅನ್ನುವಷ್ಟರಲ್ಲಿ ಕರಗಿತ್ತು.
ಲೆಕ್ಕ ತಪ್ಪಿತು.

ರಾತ್ರಿ ಮೂರೂ ಹನ್ನೆರಡಕ್ಕೆ ಆತ ಬಂದ.
ಹನ್ನೊಂದು ಸೆಕೆಂಡು. ಕೂರಲಿಲ್ಲ.
ನೋಟುಬುಕ್ಕಿನಲ್ಲಿ ಬರೆದೆ: ಒಂದು.

ಬೆಳಿಗ್ಗೆ ಕಿಟಕಿಯಲ್ಲಿ ಹಿಮ, ಅಡುಗೆಮನೆಯ ಬಾಗಿಲಲ್ಲಿ ಅವಳು,
ಒಂದು ಕಾಲಿಗೆ ಮಾತ್ರ ಕಾಲುಚೀಲ.
ಎಷ್ಟೋ ತಿಂಗಳಿಂದ ಇಡೀ ಪ್ರಶ್ನೆಯೊಂದನ್ನು ಕೇಳದಿದ್ದವಳು
ಕೇಳಿದಳು:
"ನಿನ್ನೆಯ ನನ್ನ ಎರಡು ಹಣ್ಣು ಎಲ್ಲಿ?"