ಎಪ್ಪತ್ತೆಂಟನೆಯ ಕಾಲು ಗಂಟೆ

ಮಂಜೇಶ್ವರದ ಬಂದರಿನಲ್ಲಿ ಅಮ್ಮ ಕೇಳಿದಳು
ಬೂತಾಯಿಯ ಬುಟ್ಟಿ ತಲೆಯಿಂದ ಇಳಿಸುತ್ತ:
"ನಿಮ್ಮ ಕರೆಂಟೂ ಏಲಂ ಆಗುತ್ತದಂತೆ, ಹೌದಾ?
ಕೂಗುವುದು ಯಾರು?"

ಯಾರೂ ಕೂಗುವುದಿಲ್ಲಮ್ಮ.
ನಾಳೆಯ ದಿನವನ್ನು ಇವತ್ತೇ ತೊಂಬತ್ತಾರು ತುಂಡು ಮಾಡುತ್ತಾರೆ,
ಒಂದೊಂದು ತುಂಡು ಕಾಲು ಗಂಟೆ.
ಮಾರುವವರು ಚೀಟಿ ಹಾಕುತ್ತಾರೆ, ಕೊಳ್ಳುವವರೂ ಹಾಕುತ್ತಾರೆ.
ಅಗ್ಗದ ಬುಟ್ಟಿ ಮೊದಲು, ದುಬಾರಿಯದು ಆಮೇಲೆ,
ಹಸಿವು ಮುಗಿಯುವಲ್ಲಿ ಯಾವ ಬುಟ್ಟಿ ನಿಂತಿದೆಯೋ
ಅದರ ದರವೇ ಎಲ್ಲರಿಗೂ.

"ಬೂತಾಯಿ ತಂದವನಿಗೂ ಅಂಜಲಿನ ಕ್ರಯವಾ?"
ಹೌದು.
ಅಮ್ಮ ನಕ್ಕಳು, ವೀಳ್ಯ ಉಗಿದಳು.
"ನಾನು ದಡ್ಡಿ, ಸಮುದ್ರದ ಬದಿಗೆ ಬಂದು ಕೂತೆ."

ನನ್ನ ಕೆಲಸ ಕುಬಣೂರಿನ ಸಬ್‌ಸ್ಟೇಷನ್ನಿನಲ್ಲಿ.
ಮುರಕಲ್ಲಿನ ಪದವು, ಬೇಲಿ, ಜಲ್ಲಿ,
ಹಗಲಿರುಳು ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರು.
ಲಾಗ್ ಪುಸ್ತಕ ಮಲಯಾಳದಲ್ಲಿ, ಬೈಗುಳ ತುಳುವಿನಲ್ಲಿ,
ಲೆಕ್ಕ ಮಾತ್ರ ನನಗೆ ಕನ್ನಡ ಶಾಲೆಯದು,
ಮಗ್ಗಿ ಈಗಲೂ ಹಾಗೇ ಬಾಯಿಗೆ ಬರುತ್ತದೆ:
ಹದಿನೈದು ಆರಲೆ ತೊಂಬತ್ತು.

ಮಧ್ಯಾಹ್ನ ಪೈವಳಿಕೆಯ ಪದವಿನಲ್ಲಿ ಸೌರಫಲಕಗಳು
ಬಿಸಿಲನ್ನು ಪುಕ್ಕಟೆ ಸುರಿಯುತ್ತವೆ; ದರ ನೆಲಕ್ಕೆ ಬಿದ್ದರೆ
ನಾಯಿಯೂ ಮೂಸುವುದಿಲ್ಲ.
ಅಣೆಕಟ್ಟು ಬಾಗಿಲು ಹಾಕಿಕೊಂಡು ನೀರು ಉಳಿಸುತ್ತದೆ,
ಕಲ್ಲಿದ್ದಲು ಗೊಣಗುತ್ತ ಉರಿ ತಗ್ಗಿಸುತ್ತದೆ.
ಅಣುವಿನ ಗೆರೆ ಮಾತ್ರ ಪರದೆಯ ಮೇಲೆ
ಅಡ್ಡ ಮಲಗಿಸಿದ ಬಿದಿರ ಗಳ:
ಬೆಳಿಗ್ಗೆಯೂ ಅಷ್ಟೇ, ನಡುರಾತ್ರಿಯೂ ಅಷ್ಟೇ.
ಅದು ಸಂತೆಗೆ ಬರುವುದಿಲ್ಲ. ಅದರ ದರ ಸರಕಾರದ ಕಾಗದದಲ್ಲಿ,
ಪಾಲು ರಾಜ್ಯ ರಾಜ್ಯಕ್ಕೆ ಮೊದಲೇ ಹಂಚಿ ಮುಗಿದಿದೆ.

ಅಮ್ಮನಿಗೆ ಇದು ಕೂಡಲೇ ತಿಳಿಯಿತು:
"ದೊಡ್ಡ ಮನೆಯ ಒಲೆ. ಉಣ್ಣುವವರು ಇರಲಿ ಬಿಡಲಿ
ಗಂಜಿ ಬೇಯುತ್ತಲೇ ಇರಬೇಕು.
ಆರಿದರೆ?"
ಒಂದೂವರೆ ದಿನ ಮುನಿಸು. ಒಳಗೊಂದು ವಿಷ ಹುಟ್ಟುತ್ತದೆ,
ಅದು ತಾನಾಗಿ ಇಳಿಯುವ ತನಕ
ಎಷ್ಟು ಊದಿದರೂ ಕಿಡಿ ಹತ್ತದು.

ಮೀನ ಮಾಸದ ಒಂದು ಸಂಜೆ ಆರಿತು.
ಎಲ್ಲೋ ಉತ್ತರದಲ್ಲಿ ಒಂದು ಕವಾಟವೋ,
ಸುಳ್ಳು ಹೇಳಿದ ಒಂದು ಮಾಪಕವೋ.
ನನ್ನ ಮುಂದೆ ಐವತ್ತು ಎನ್ನಬೇಕಾದ ಮುಳ್ಳು
ನಲವತ್ತೊಂಬತ್ತೂ ಮುಕ್ಕಾಲಕ್ಕೆ ಇಳಿದು ಅದುರಿತು.
ಎಪ್ಪತ್ತೆಂಟನೆಯ ತುಂಡು, ಏಳೂಕಾಲರ ನಂತರದ್ದು,
ಎಲ್ಲರ ಮನೆಯಲ್ಲೂ ಎಲ್ಲವೂ ಉರಿಯುವ ಹೊತ್ತು.
ಸಂತೆಯಲ್ಲಿ ಯೂನಿಟ್ಟಿಗೆ ಹತ್ತು ರೂಪಾಯಿ,
ಅದರಾಚೆ ಏರಬಾರದೆಂದು ಕಟ್ಟಿದ ಅಟ್ಟ ಅದು;
ಹಣ ಹಿಡಿದು ನಿಂತರೂ ಬುಟ್ಟಿ ಇಲ್ಲ.

ಫೋನು ಬಂತು: ನಾಲ್ಕು ಮೆಗಾವಾಟ್ ಇಳಿಸಿ. ಈಗಲೇ.
ಅಸೈನಾರ್ ನನ್ನ ಮುಖ ನೋಡಿದ.
ಆಸ್ಪತ್ರೆಯ ಫೀಡರು ಮುಟ್ಟುವಂತಿಲ್ಲ,
ಉಪ್ಪಳ ನಿನ್ನೆಯಷ್ಟೇ ಕತ್ತಲಲ್ಲಿ ನೋಂಬು ತೆರೆದಿತ್ತು,
ಉಳಿದದ್ದು ಬಂದರು.
ಬಂದರೆಂದರೆ ಐಸ್ ಫ್ಯಾಕ್ಟರಿ.

ಕರೆಂಟನ್ನು ಐಸು ಹಾಕಿ ಇಡಲಾಗದೆಂದು
ಅಮ್ಮನಿಗೆ ಎಷ್ಟು ಸಲ ಹೇಳಿದ್ದೆ,
ಹಿಡಿದ ಕ್ಷಣವೇ ತಿನ್ನಬೇಕಾದ ಮೀನು ಅದೆಂದು.
ಐಸೇ ಕರೆಂಟೆಂದು ಹೇಳಿರಲಿಲ್ಲ.

ಹಿಡಿ ತಿರುಗಿಸಿದೆ. ಬ್ರೇಕರು ಒಂದೇ ಏಟಿಗೆ ಹೊಡೆದುಕೊಂಡಿತು.
ಪುಸ್ತಕದಲ್ಲಿ ಬರೆದೆ: ೧೯.೨೧. ಕಾರಣ, ಮೇಲಿನ ಆಜ್ಞೆ.
ಮುಳ್ಳು ಕೂದಲೆಳೆಯಷ್ಟು ಮೇಲೆ ಬಂತು.
ಲಖನೌಗೂ ಮಧುರೆಗೂ ಒಂದೇ ನಾಡಿ; ಅದರಲ್ಲಿ
ನಮ್ಮ ಬಂದರಿನ ಕತ್ತಲು ಎಷ್ಟನೆಯ ಪಾಲೋ.

ಮರುದಿನ ಹನ್ನೊಂದಕ್ಕೇ ಅಮ್ಮ ಮನೆಗೆ ಬಂದಳು.
"ಬಂಗುಡೆಯ ಕಣ್ಣು ಕೆಂಪಾಗಿತ್ತು. ಹೋದಷ್ಟಕ್ಕೆ ಕೊಟ್ಟೆ.
ನಮ್ಮಲ್ಲಿ ಕೊನೆಯ ಬುಟ್ಟಿಯ ದರ
ಕೊನೆಯವಳಿಗೆ ಮಾತ್ರ."
ಫೀಡರು ತೆಗೆದದ್ದು ಯಾರೆಂದು ಕೇಳಲಿಲ್ಲ.
ಕೈ ಮೂಸಿ ನೋಡಿದಳು, ಹುಣಸೆಹುಳಿ ಉಜ್ಜಿ ತೊಳೆದಳು.

ನಾನು ಫ್ಯಾನು ಹಾಕಿದೆ. ತಿರುಗಿತು.
ದೊಡ್ಡ ಮನೆಯ ಒಲೆ ಹೊತ್ತಲು
ಇನ್ನೂ ಇಪ್ಪತ್ತು ಗಂಟೆ ಇತ್ತು.