ಅರದ ಬಾಲ

ಬೆಳಿಗ್ಗೆ ಏಳೂಕಾಲಿಗೆ, ಮಂಡ್ಯದ ಗುತ್ತಲು ರಸ್ತೆಯ ನಮ್ಮ ವಾಟರ್ ವಾಷಿನಲ್ಲಿ
ಕಬ್ಬು ಸುರಿದು ಬಂದ ಟ್ರಾಕ್ಟರು ಮೂರು, ಹಾಲಿನ ವ್ಯಾನು ಒಂದು
ಸಾಲಾಗಿ ನಿಂತು ಕೆಸರು ಒಣಗಿಸುತ್ತಿರುವಾಗ
ಪಂಪಿನ ಬಾಯಲ್ಲೇ ಮುರಿಯಿತು ಹಿತ್ತಾಳೆ ನಿಪ್ಪಲ್ಲು.
ಟಪ್ಪೆಂದಿತು, ಅಷ್ಟೇ.
ಹೊರಗಿನ ತುಂಡು ನಂದೀಶನ ಸ್ಪ್ಯಾನರಿನಲ್ಲಿ,
ಒಳಗಿನದು ಒಳಗೇ.

ಬಾಯಿಗೆ ಬಂದದ್ದೆಲ್ಲ ಅಂದೆ.
ಬಸರಾಳಿನ ಹುಡುಗ, ಹತ್ತೊಂಬತ್ತು ವರ್ಷ,
ಒದ್ದೆ ಬರ್ಮುಡಾ, ಸೋಪಿಗೆ ಸುಲಿದ ಬೆರಳ ಸಂದು.
'ಒಸಿ ಬಿಗಿ ಮಾಡ್ದೆ ಅಷ್ಟೆಯ ಅಣ್ಣ, ತೊಟ್ಟಿಕ್ತಿತ್ತು.'
ಅವನ ವಾರದ ಕೂಲಿಯಲ್ಲಿ ಪಂಪಿನ ಹೆಡ್ಡಿನ ರೇಟು
ಕಳೆದು ತೋರಿಸಿದೆ, ಬೆರಳು ಮಡಿಸಿ ಮಡಿಸಿ.

ನಲ್ಲಿ ಕಟ್ಟಿ, ಮೇನ್ ಇಳಿಸಿ,
ಗನ್ನಿನ ಕುದುರೆ ಒತ್ತಿ ಉಳಿದ ಒತ್ತಡ ಉಗುಳಿಸಿ,
ನಾಲ್ಕು ಬೋಲ್ಟು ಬಿಚ್ಚಿ ಪಂಪನ್ನು ಮಡಿಲಲ್ಲಿಟ್ಟುಕೊಂಡು
ಸ್ಕೂಟರಿನಲ್ಲಿ ನನ್ನ ಹಿಂದೆ ಕೂತ.
ದಾರಿಯುದ್ದಕ್ಕೂ ಅದು ನನ್ನ ಅಂಗಿಯ ಬೆನ್ನಿಗೆ
ಎಣ್ಣೆ ಒರೆಸುತ್ತ ಬಂತು.

ಲೇತ್ ಮುನಾವರಣ್ಣ ಮೊದಲು ಟೀ ಕುಡಿದರು.
ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ,
ಟಾರ್ಚು ಬಿಟ್ಟು ನೋಡಿದರು
ಬಾವಿಗೆ ಬಿದ್ದ ಬಿಂದಿಗೆ ಹುಡುಕುವವರ ಹಾಗೆ.
'ಚೂಡಿ ಕೆಡಬಾರ್ದು. ಅದು ಕೆಟ್ರೆ ಪಂಪೇ ಕೆಟ್ಟಂಗೆ.
ಒಳೀಕೆ ಬಟ್ಟೆ ತುರ್ಕು, ಚೂರು ಬೀಳ್ದಂಗೆ.'

ಡೀಸೆಲ್ಲಿಗೆ ಗೇರ್ ಆಯಿಲ್ಲು ಬೆರೆಸಿ ಎರಡು ತೊಟ್ಟು.
ಇಂಗಲಿ ಎಂದು ಅರ್ಧ ಗಂಟೆ ಸುಮ್ಮನೆ.
ಅಷ್ಟರಲ್ಲಿ ನನ್ನ ಫೋನು ಹನ್ನೊಂದು ಸಲ ಬಡಿದುಕೊಂಡಿತು.
'ಟ್ರಾಕ್ಟರ್‌ನೋರು ಕಾಯ್ತಾವ್ರೆ' ಅಂದೆ.
'ಎಣ್ಣೆಗೆ ಅದು ಗೊತ್ತಿಲ್ಲ' ಅಂದರು.

ಆಮೇಲೆ ಬ್ಲೋ ಲ್ಯಾಂಪು. ಸುತ್ತಲಿನ ಮೈಗೆ ಶಾಖ, ನಡುವಿನದಕ್ಕೆ ಬೇಡ.
ಕೊನೆಗೆ ಡಬ್ಬ ತಡಕಿ ತೆಗೆದದ್ದು
ಒಂದು ಸತ್ತ ಅರ: ಹಲ್ಲು ಸವೆದು ನುಣ್ಣಗಾಗಿ
ಯಾವ ಕಬ್ಬಿಣವನ್ನೂ ಉಜ್ಜಲಾರದ್ದು.
ತಿರುಗಿಸಿ ಹಿಡಿದರು. ಬೇಕಾದದ್ದು ಅದರ ಬಾಲ,
ಮರದ ಹಿಡಿಯೊಳಗೆ ಇಷ್ಟು ವರ್ಷ ಅಡಗಿದ್ದ
ಚೌಕದ ಚೂಪು ಬಾಲ.

ಟಕ್. ಟಕ್. ಮೂರನೆಯದಕ್ಕೆ ಕೈ ತಡೆದರು.
'ಜಾಸ್ತಿ ಬಡುದ್ರೆ ಒಳಗೇ ಅಗ್ಲ ಆಯ್ತದೆ, ಇನ್ನೂ ಕಚ್ಕತದೆ.
ತಗೋ, ನೀನೇ ತಿರುಗ್ಸು.'
ನಂದೀಶ ನನ್ನ ಮುಖ ನೋಡಿದ.
ನಾನು ಬೀದಿ ನೋಡಿದೆ.
'ಎಡಕ್ಕೆ ಕಣ್ಲಾ. ಒಸಿ ಎಡಕ್ಕೆ, ಚೂರು ಬಲಕ್ಕೆ, ತಿರ್ಗಾ ಎಡಕ್ಕೆ.
ಜಗಳ ಆಡ್ಬೇಡ ಅದರ ಜೊತೆ.'

ಕಿರ್ ಎಂದಿತು.
ಅರ್ಧ ಸುತ್ತು. ಮುಕ್ಕಾಲು.
ಬೋರ್‌ವೆಲ್ಲಿನ ಸುಣ್ಣ ಬಿಳಿ ಪುಡಿಯಾಗಿ ಉದುರಿ
ಹೊರಗೆ ಬಂತು ಹಿತ್ತಾಳೆ ಉಂಗುರ,
ಅರದ ಬಾಲ ತೊಟ್ಟು.

ಮುನಾವರಣ್ಣ ಅದನ್ನು ಬಿಸಿಲಿಗೆ ಹಿಡಿದರು.
ಮುರಿದ ಅಂಚು ಅರ್ಧ ಹಳದಿ,
ಈಗ ತಾನೇ ಒಡೆದ ಅಚ್ಚುಬೆಲ್ಲದ ಹೊಳಪು.
ಇನ್ನರ್ಧ ಕಪ್ಪು, ತುದಿಗೆ ಹಸಿರು ಕಿಲುಬು.
'ಈ ಹಳದಿ ಹುಡುಗುಂದು. ಈ ಕಪ್ಪು ಹಳೇದು,
ಒಂದ್ ವರ್ಸ ಆಗದೆ.
ಯಾರೋ ಪಾನಕ್ಕೆ ಪೈಪ್ ಹಾಕಿ ಬಿಗ್ದವ್ರೆ.'

ಪೈಪು ನನ್ನದು.
ಕಳೆದ ಯುಗಾದಿಗೆ ಮುಂಚೆ, ನಂದೀಶ ಕೆಲಸಕ್ಕೆ ಸೇರುವ ಮೊದಲು,
ಒಂದು ಹನಿ ಸೋರುತ್ತಿತ್ತು.
ಸೋರುವುದನ್ನು ಕಂಡರೆ ಆಗದವನು ನಾನು,
ಎರಡಡಿ ಜಿಐ ಪೈಪು ಸಿಕ್ಕಿಸಿ ಮೈಭಾರವೆಲ್ಲ ಬಿಟ್ಟಿದ್ದೆ.
ಹನಿ ನಿಂತಿತ್ತು. ಗೆದ್ದಿದ್ದೆ.

ಹೇಳಿದೆನೇ? ಇಲ್ಲ.
'ಎಷ್ಟಾಯ್ತಣ್ಣ' ಅಂದೆ.
ಬರುವ ದಾರಿಯಲ್ಲಿ ತಳ್ಳುಗಾಡಿ ಮುಂದೆ ನಿಲ್ಲಿಸಿ
ಅವನಿಗೆ ಎರಡು ಇಡ್ಲಿ ಜಾಸ್ತಿ ಹಾಕಿಸಿದೆ,
ಜೇಬಿನ ಉಂಗುರ ತೊಡೆಗೆ ಚುಚ್ಚುತ್ತಿತ್ತು.

ಹೊಸ ನಿಪ್ಪಲ್ಲಿಗೆ ಟೇಪು ಸುತ್ತಿ ಅವನೇ ಕೂರಿಸಿದ,
ಬೆರಳಲ್ಲಿ ಹೋಗುವಷ್ಟು ಬೆರಳಲ್ಲಿ,
ಸ್ಪ್ಯಾನರಿನಲ್ಲಿ ಒಂದೇ ಸುತ್ತು.
ಮೋಟಾರು ಹಾಕಿದೆವು. ಬುಡದಲ್ಲಿ
ಒಂದು ಹನಿ ಮೂಡಿ, ಬೀಳಲೋ ಬೇಡವೋ ಎಂದು
ಅಲ್ಲೇ ನಿಂತಿತು.

'ಬಿಗಿ ಮಾಡ್ಲಾ ಅಣ್ಣ?'

'ಬುಡು' ಅಂದೆ. 'ಸೋರ್ಕಳ್ಳಿ.'