ಮೂರು ವರ್ಷದ ಮೀನು

ಅವ ಮೀನು ಬಿಟ್ಟದ್ದು ಯಾವ ಸ್ವಾಮಿ ಹೇಳಿದ್ದಕ್ಕೂ ಅಲ್ಲ.
ಕೊರಳಿಗೆ ಏನೂ ಕಟ್ಟಿಕೊಂಡಿಲ್ಲ, ಇವತ್ತಿಗೂ.
ಶ್ರಾವಣದ ಭೀಮಿಯೊಳಗ, ಬ್ಯಾರೇಜಿನ ಕೆಳಗ
ಬಲಿ ಎಳದಾಗ ಭಾರ ಅನಸಿತ್ತಂತ.
ದೊಡ್ಡ ಬಾಳಿಮೀನೇ ಇರಬೇಕು ಅಂತ ನಕ್ಕಿದ್ದನಂತ.
ಬಂದದ್ದು ಕುಂಬಾರ ಓಣಿಯ ಹುಡುಗ.
ಅಂಗಿ ಗುಂಡಿ ಎಲ್ಲಾ ಹಾಕ್ಕೊಂಡಿದ್ದ,
ಕೊರಳಿನ ಗುಂಡಿ ಸಹಿತ.

ಆ ರಾತ್ರಿ ಸಾರು ಮುಟ್ಟಲಿಲ್ಲ.
"ಹೊಳ್ಯಾಗಿಂದು ಏನೂ ಬ್ಯಾಡ" ಅಂದ.
ಕುಡಿಯೋ ನೀರು ಎಲ್ಲಿಂದು ಅಂತ ನಾ ಕೇಳಲಿಲ್ಲ.
ಆಮ್ಯಾಲ ಕುರಿ, ಕೋಳಿ, ಕಡೀಕ ತತ್ತಿ
ಒಂದೊಂದೇ ತಾಟಿನಿಂದ ಇಳಿದು ಹೋದವು.
"ಅಂಬಿಗರ ಮನ್ಯಾಗ ಐನೋರು ಹುಟ್ಯಾನ" ಅಂತ
ಕಟ್ಟಿಗೆ ಕೂತವರು ನಕ್ಕರು.
ಅವ ಬಲಿ ಮಾರಿ, ಪುಟ್ಟಿ ಇಟಗೊಂಡು
ಈ ದಂಡಿಯವರನ್ನ ಆ ದಂಡಿಗೆ ದಾಟಿಸಲಾಕ ನಿಂತ.

ಒಂದು ವರ್ಷ, ಎರಡು ವರ್ಷ, ಏನೂ ಆಗಲಿಲ್ಲ.
ಮೂರನೇ ವರ್ಷ ಅಂದ,
"ಅಂಗಾಲಾಗ ಇರಿವಿ ಹರದಾಡಲತಾವ ನೋಡು."
ನೋಡಿದೆ. ಇರಿವಿ ಇರಲಿಲ್ಲ.
ನಾಲಿಗಿ ಮಾತ್ರ ಕೆಂಪಗ, ನುಣ್ಣಗ,
ಹೊಳಿಯ ಕಲ್ಲಿನಂಗ.
ಹತ್ತು ವರ್ಷದವನಿದ್ದಾಗಿಂದ ಹಾಕಿದ ಗಂಟು
ಬೆರಳು ಒಂದು ಸಂಜಿ ಮರತವು.
ಪುಟ್ಟಿ ತಾನೇ ಬಿಚ್ಚಿಕೊಂಡು ಹೋಗಿ
ಜಾಲಿಕಂಟಿಗೆ ನಿಂತಿತ್ತು.

ಯಾದಗಿರಿ ದವಾಖಾನ್ಯಾಗ ರಗತ ತಗದರು.
ಫರ್ಜಾನಾ ಸಿಸ್ಟರ್ ಚೀಟಿ ನೋಡಿ, ನನ್ನ ನೋಡಿ,
"ನಿಮ್ಮ ಮನ್ಯಾಗ ಅಡಕಲಗಡಿಗಿ ಆವಿಲ್ಲೋ?" ಅಂದಳು.
"ಲಿವರಂದ್ರ ಹಂಗೇ.
ಮೀನಿನ ಒಂದು ಸತುವು ಅದ, ವರ್ಷಗಟ್ಟಲೆ ಎತ್ತಿಟ್ಟಿರ್ತದ.
ಇವರ ಗಡಿಗಿ ತಳ ಕಂಡದ."

ನಾ ಬಾಕಿನ ಮ್ಯಾಲ ಕೂತೆ.
ಹಂಗಾದರ ಮೂರು ವರ್ಷ
ಅವ ಮೀನನ್ನ ಬಿಟ್ಟಿದ್ದ,
ಮೀನು ಅವನ್ನ ಬಿಟ್ಟಿರಲಿಲ್ಲ.

ತಪ್ಪು ನಂದೂ ಅದ.
ತಾಟಿನಿಂದ ಮೀನು ತಗದು
ಆ ಜಾಗಾದಾಗ ನಾ ಏನೂ ಇಡಲಿಲ್ಲ.
ಎರಡು ರೊಟ್ಟಿ ಹೆಚ್ಚಿಗಿ ಬಡದೆ, ತಿಳಿಸಾರು ಹೊಯ್ದೆ,
ಹೊಟ್ಟಿ ತುಂಬಿತಲ್ಲ ಅಂತ ಸುಮ್ಮನಿದ್ದೆ.
ಹೊಟ್ಟಿ ಬ್ಯಾರೆ, ಮೈ ಬ್ಯಾರೆ,
ಇದು ನನಗ ನಲವತ್ತಕ್ಕ ತಿಳೀತು.

ಈಗ ತೊಗರಿಬ್ಯಾಳಿ ಸವಟು ನಿಲ್ಲುವಂಗ ಕುದಿಸ್ತೀನಿ.
ರಾಜಗಿರಿ ಪಲ್ಯಕ್ಕ ನಿಂಬಿಹಣ್ಣು ಹಿಂಡತೀನಿ.
ಉಂಡ ಕೂಡಲೇ ಚಾ ಕೇಳಿದರ ಇಲ್ಲ ಅಂತೀನಿ,
ಸೊಪ್ಪಿನ್ಯಾಗಿನ ಕಬ್ಬಿಣ ಚಾ ನುಂಗತದಂತ,
ತಾಸು ತಡಿ, ಅಲ್ಲೀತನಕ ಜಗಳಾಡು.
ಅಗಸಿ ಹಿಂಡಿ ಕುಟ್ಟಿಟ್ಟೀನಿ.
ಮೀನಿನ ಎಣ್ಣಿಗೆ ಅಗಸಿ ದೂರದ ಬೀಗತಿ,
ಹತ್ತಿರದಾಕಿ ಅಲ್ಲ, ಆದರೂ ಕರದರ ಬರ್ತಾಳ.
ಶೇಂಗಾ, ಎಳ್ಳು, ಮಜ್ಜಿಗಿ ಎಲ್ಲಾ ಅದ.

ಆದರ ಆ ಗಡಿಗಿಯ ಸತುವು
ನಮ್ಮ ಯಾವ ಹೊಲದಾಗೂ ಬೆಳಿಯಂಗಿಲ್ಲ.
ಸಿಸ್ಟರ್ ಸೂಜಿಗೆ ತುಂಬಿದಳು:
ಕೆಂಪು. ಹೊಸ ಮೀನಿನ ಕಿವಿರಿನಷ್ಟು ಕೆಂಪು.
ಅವ ತೋಳು ಹಿಂದಕ ಎಳಕೊಂಡ.
"ಇದರಾಗ ಜೀವ ಅದೇನು?"
ಆಕಿ ನಗಲಿಲ್ಲ. ನಕ್ಕಿದ್ದರ ಅವ ಎದ್ದು ಬರತಿದ್ದ.
"ಕಣ್ಣಿಗೆ ಕಾಣಲಾರದ ಹೆಪ್ಪಿನಂಥಾದ್ದು ಮಾಡತದ, ಕಾಕಾ.
ಯಾರನ್ನೂ ನೀರಿನಿಂದ ಎಳದಿಲ್ಲ."
ಅವನ ಕತಿ ಆಕಿಗೆ ಯಾರು ಹೇಳಿದ್ದರೋ.
ತೋಳು ಮುಂದ ಬಂತು.

ನಾ ಈಗಲೂ ತಿಂತೀನಿ, ತೌರಮನಿಗೆ ಹೋದಾಗ.
ಬರೋ ದಾರ್ಯಾಗ ಕೈಗೆ ಹುಣಸಿಹಣ್ಣು ತಿಕ್ಕಿ ತೊಳಕೊಂತೀನಿ.
ಅವಗ ಗೊತ್ತದ. ನನಗೂ ಅವಗ ಗೊತ್ತದಂತ ಗೊತ್ತದ.

ನಿನ್ನಿ ಹೆಸರುಕಾಳು ಒದ್ದಿ ಬಟ್ಟ್ಯಾಗ ಕಟ್ಟಿಟ್ಟಿದ್ದೆ.
ಮುಂಜಾನಿ ಬಿಚ್ಚಿದರ ಎಲ್ಲಾ ಕಾಳು ಬಾಲ ಬಿಟ್ಟಾವ,
ದುಂಡನ ತಲಿ, ಬೆಳ್ಳನ ಬಾಲ,
ದಂಡಿ ನೀರಾಗ ಹಿಂಡು ಹಿಂಡು ಮರಿಮೀನು ಇರ್ತಾವಲ್ಲ,
ಥೇಟ್ ಹಂಗ.
ಅವ ಬೊಗಸ್ಯಾಗ ಹಿಡದು ಬಾಳ ಹೊತ್ತು ನೋಡಿದ.
ನಾ ಒಲಿ ಕಡಿ ಮಾರಿ ತಿರುಗಿಸಿದೆ.
ಹಿಂದ ಅಗಿಯೋ ಸಪ್ಪಳ ಕೇಳಿಸಿತು,
ಆಮ್ಯಾಲ, "ಉಪ್ಪು ಕೊಡು."